ಮರದ ಕೆಳಗಿನ ಒಂದು ನಿಮಿಷ

…ಅಥವಾ ಆ ಮುದುಕಿ ಏಳಲು ಹೊರಟೇ ಇರಲಿಲ್ಲವೇನೋ. ಮಂಡಿಯ ಮೇಲೆ ಕೈ ಊರಿದ್ದಳು, ಅಷ್ಟೇ. ಮಂಡಿಯ ಮೇಲೆ ಕೈ ಊರಿದವರೆಲ್ಲ ಎದ್ದು ನಿಲ್ಲಲೇಬೇಕೆಂದಿಲ್ಲ. ನನ್ನ ಅಮ್ಮ ದಿನಕ್ಕೆ ಹತ್ತು ಸಲ ಊರುತ್ತಾಳೆ, ಸುಮ್ಮನೆ. ಮುಂಬಯಿಯ ಸಯನ್‌ನಲ್ಲಿ ನನ್ನ ಮನೆಯಲ್ಲಿ ಕೂತು ನೆನಪಿಸಿಕೊಂಡರೆ ಅವಳು ಒಮ್ಮೆ ಕೂತೇ ಇರುತ್ತಾಳೆ, ಒಮ್ಮೆ ಅರ್ಧ ಎದ್ದಿರುತ್ತಾಳೆ, ಒಮ್ಮೆ ಪೂರ್ತಿ ನಿಂತು ನನ್ನನ್ನೇ ನೋಡುತ್ತಿರುತ್ತಾಳೆ. ಮೂರನೆಯದು ಖಂಡಿತ ಸುಳ್ಳು. ನನ್ನ ಸಿಟ್ಟು ಅದನ್ನು ಆಮೇಲೆ ಸೇರಿಸಿದೆ.

ನಾನು ಸೌಂಡ್ ರೆಕಾರ್ಡಿಸ್ಟ್. ಇಪ್ಪತ್ತೆರಡು ವರ್ಷದಿಂದ ಅಂಧೇರಿಯಲ್ಲಿ ಸಿನಿಮಾ, ಸೀರಿಯಲ್ಲು, ಸಾಕ್ಷ್ಯಚಿತ್ರಗಳಿಗೆ ಸದ್ದು ಹಿಡಿಯುವ ಕೆಲಸ. ನೆನಪನ್ನು ನಂಬಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ನಟರು ಬಂದು, ನಾನು ಹಾಗೆ ಅಂದೇ ಇಲ್ಲ ಎಂದು ಜಗಳ ಮಾಡುತ್ತಾರೆ. ರೆಕಾರ್ಡಿಂಗ್ ಹಾಕಿ ಕೇಳಿಸಿದರೆ ಅಂದಿರುತ್ತಾರೆ. ಈ ಸಲ ಆ ನಟಿ ನಾನೇ.

ಪೂರ್ವ ಆಫ್ರಿಕಾದ ಕೆಲವು ದೇಶಗಳು ಸೇರಿ ಕಟ್ಟಿಕೊಂಡ ಒಂದು ಪ್ರಾದೇಶಿಕ ಸಂಘಟನೆ ಇದೆ. ಗಡಿಗಳಲ್ಲಿ ಜಗಳ ಹತ್ತುವ ಮೊದಲೇ ಸುಳಿವು ಹಿಡಿಯುವುದು, ಹತ್ತಿದರೆ ಎರಡೂ ಕಡೆಯವರನ್ನು ಕೂರಿಸಿ ಒಪ್ಪಂದ ಮಾಡಿಸುವುದು ಅದರ ಕೆಲಸ. ಆ ಕೆಲಸದ ಮೇಲೆ ಚಿತ್ರ ತೆಗೆಯಲು ನಾವು ಹೋಗಿದ್ದೆವು. ಸಂಘಟನೆಯ ಹೆಸರು, ಗಡಿ ಊರಿನ ಹೆಸರು, ಅಲ್ಲಿನ ಎರಡು ಜನಾಂಗಗಳ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿ ಇನ್ನೂ ಬದುಕಬೇಕಾದವರಿಗೆ ತೊಂದರೆ. ಮುದುಕಿಯ ಹೆಸರನ್ನೂ ಬದಲಿಸಿದ್ದೇನೆ. ಇಲ್ಲಿ ಅವಳು ನಕಿರು.

ಅಂಧೇರಿ

ಕಂಪನಿಯ ಪ್ರೊಡ್ಯೂಸರ್ ಮೊದಲ ದಿನ ನಮಗೆ ಕೊಟ್ಟ ಕಾಗದದಲ್ಲಿ, ಆಫ್ರಿಕಾದ ಸಮಸ್ಯೆಗೆ ಆಫ್ರಿಕಾದವರದ್ದೇ ಪರಿಹಾರ ಎಂಬ ಮಾತು ದಪ್ಪ ಅಕ್ಷರದಲ್ಲಿತ್ತು. ಕ್ಯಾಮೆರಾಮನ್ ರಫೀಕ್ ಅದನ್ನು ಎರಡು ಸಲ ಓದಿದ.

"ಮತ್ತ ಅದರ ಪಿಚ್ಚರ್ ತಗ್ಯಾಕ ಬೈಕುಲ್ಲಾದಾಂವ ಯಾಕ ಬೇಕಾದ ಅಕ್ಕಾರ?" ಎಂದ.

ರಫೀಕನ ಅಜ್ಜ ವಿಜಯಪುರದ ಕಡೆಯಿಂದ ಬಂದು ಬೈಕುಲ್ಲಾದ ಮಿಲ್ಲಿನಲ್ಲಿ ದುಡಿದವರು. ಅವನು ಮನೆಯಲ್ಲಿ ದಖನಿ, ನನ್ನ ಹತ್ತಿರ ಕನ್ನಡ, ಕ್ಯಾಮೆರಾದ ಹತ್ತಿರ ಬೈಗುಳ ಮಾತಾಡುತ್ತಾನೆ. ನಮ್ಮದು ಉಡುಪಿ ಕಡೆಯ ಹೋಟೆಲಿನವರ ಮನೆ. ಹದಿನಾರು ವರ್ಷ ಒಟ್ಟಿಗೆ ಕೆಲಸ ಮಾಡಿದರೂ ನನ್ನ 'ಎಂತದು ಮಾರಾಯ'ಕ್ಕೆ ಅವನು ಇನ್ನೂ ನಗುತ್ತಾನೆ.

ನನ್ನದೊಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಎಲ್ಲ ಅನಾಹುತ ಅದರಿಂದಲೇ. ಪ್ರತಿ ಜಾಗಕ್ಕೂ ಅದರದ್ದೇ ಆದ ಖಾಲಿ ಸದ್ದು ಇರುತ್ತದೆ. ಫ್ಯಾನಿನ ಗುಂಯ್‌ಗುಡುವಿಕೆ, ದೂರದ ಲೋಕಲ್ ರೈಲು, ಗೋಡೆಯಾಚೆಯ ನಲ್ಲಿ. ಶೂಟಿಂಗ್ ಮುಗಿದ ಮೇಲೆ, ಯಾರೂ ಜಾಗ ಬಿಡುವ ಮೊದಲು, ಎಲ್ಲರನ್ನೂ ಇದ್ದ ಹಾಗೇ ನಿಲ್ಲಿಸಿ ಆ ಖಾಲಿ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡುತ್ತೇವೆ. ರೂಮ್ ಟೋನ್ ಅನ್ನುತ್ತೇವೆ. ಎಡಿಟಿಂಗಿನಲ್ಲಿ ಮಾತು ಕತ್ತರಿಸಿದ ಕಡೆ ಅದನ್ನು ತುಂಬದಿದ್ದರೆ ಕಿವಿಗೆ ಗುಂಡಿ ಸಿಕ್ಕಿದ ಹಾಗಾಗುತ್ತದೆ. ಮುಂಬಯಿಯಲ್ಲಿ ಈ ಒಂದು ನಿಮಿಷಕ್ಕೆ ನಾನು ವಿಮಾನ, ಕುಕ್ಕರ್, ಮದುವೆ ಬ್ಯಾಂಡು ಎಲ್ಲದರ ಜೊತೆ ಹೊಡೆದಾಡಿದ್ದೇನೆ. ನಾನು ಕೈ ಎತ್ತಿದರೆ ದೊಡ್ಡ ದೊಡ್ಡ ಹೀರೋಗಳೂ ಚಹಾದ ಕಪ್ಪು ಹಿಡಿದ ಹಾಗೇ ನಿಂತುಬಿಡುತ್ತಾರೆ. ರೂಮ್ ಟೋನ್ ಇಲ್ಲದೆ ಜಾಗ ಬಿಡುವವಳಲ್ಲ ಎಂದು ನನಗೆ ಹೆಸರಿದೆ. ಆ ಹೆಸರಿನ ಬಗ್ಗೆ ನನಗೆ ಜಂಬವಿತ್ತು.

ನೈರೋಬಿ

ವಿಮಾನ ನಿಲ್ದಾಣದಲ್ಲಿ ನಮ್ಮ ಪೆಟ್ಟಿಗೆ ತೆರೆದ ಅಧಿಕಾರಿ ಮೈಕಿಗೆ ಗಾಳಿ ಬಡಿಯದಂತೆ ಹೊದಿಸುವ ಬೂದು ರೋಮದ ಚೀಲವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದು ಯಾವ ಪ್ರಾಣಿ ಎಂದು ಕೇಳಿದ. ರಫೀಕ್ ಮುಖದಲ್ಲಿ ನಗುವಿಲ್ಲದೆ, ಬಾಂಬೆಯ ಹೆಗ್ಗಣ ಸರ್, ಅಂದ. ಅಧಿಕಾರಿಯ ಮುಖದಲ್ಲೂ ನಗು ಬರಲಿಲ್ಲ. ಪ್ರಾಣಿಯ ಚರ್ಮ ತಂದವರು ತುಂಬಬೇಕಾದ ಫಾರಂ ತಂದುಕೊಟ್ಟ. ಅದು ನೈಲಾನ್ ಎಂದು ಒಪ್ಪಿಸಲು ಒಂದು ಗಂಟೆ ಹಿಡಿಯಿತು.

ಊರಿನಲ್ಲಿ ನನಗೆ ಹಿಡಿಸಿದ್ದು ಕುಶಲ ವಿಚಾರಿಸುವ ರೀತಿ. ಹೋಟೆಲಿನ ವೇಟರ್ ಬಂದು, ಹೇಗಿದ್ದೀರಿ, ಬೆಳಿಗ್ಗೆ ಹೇಗಿತ್ತು, ಮನೆಯವರು ಚೆನ್ನಾಗಿದ್ದಾರೆಯೇ ಎಂದೆಲ್ಲ ಕೇಳಿ, ನಮ್ಮ ಉತ್ತರಕ್ಕೆ ನಿಜವಾಗಿ ಕಾದು, ಆಮೇಲೆ ಏನು ಬೇಕು ಎನ್ನುತ್ತಿದ್ದ. ಅಪ್ಪನ ಹೋಟೆಲಿನಲ್ಲಿ ಗಿರಾಕಿ ಕೂರುವ ಮೊದಲೇ ನೀರಿನ ಗ್ಲಾಸು ಮೇಜಿಗೆ ಬಡಿಯುತ್ತಿತ್ತು.

ಎರಡು ದಿನ ಒಂದು ದೊಡ್ಡ ಹೋಟೆಲಿನ ಸಭಾಂಗಣದಲ್ಲಿ ಸಂಘಟನೆಯ ಕಾರ್ಯಾಗಾರ. ಅಲ್ಲಿ ಒಂದು ಒಳ್ಳೆಯ ರೂಢಿ ನೋಡಿದೆ. ಭಾಷಣಕಾರ ವೇದಿಕೆಯ ಮೇಲಿನವರ ಹೆಸರು ಹೇಳುತ್ತ ಕೂರುವುದಿಲ್ಲ. ಎಲ್ಲ ಶಿಷ್ಟಾಚಾರ ಪಾಲಿಸಿದ್ದೇನೆ ಎಂದು ತಿಳಿಯಿರಿ ಎಂದು ಒಂದೇ ವಾಕ್ಯದಲ್ಲಿ ಮುಗಿಸಿ ವಿಷಯಕ್ಕೆ ಬರುತ್ತಾನೆ. ಮುಂಬಯಿಯ ನಮ್ಮ ಕನ್ನಡ ಸಂಘಗಳಿಗೆ ಇದನ್ನು ಕಲಿಸಬೇಕು ಎಂದುಕೊಂಡೆ. ಆದರೆ ವಿಷಯ ಎಂದು ಬಂದದ್ದು ಏನು? ಸಾಮರ್ಥ್ಯ ವರ್ಧನೆ, ಪಾಲುದಾರರು, ಮುಂದಿನ ಹಂತ. ಎರಡು ದಿನವೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಪ್ರತಿ ಮಾತನ್ನೂ ಬೇರೆಯವರಿಗಿಂತ ಹತ್ತಿರದಿಂದ ಕೇಳಿದವಳು ನಾನು. ಸತ್ತವರ ಒಂದು ಹೆಸರನ್ನೂ ಯಾರೂ ಎತ್ತಲಿಲ್ಲ. ಎತ್ತಿದ್ದರೂ ನನ್ನ ಕಿವಿಗೆ ಬೀಳಲಿಲ್ಲ. ಅಲ್ಲಿಂದಲೇ ನನ್ನ ಸಿಟ್ಟು ಶುರುವಾಗಿತ್ತು.

ಸಂಘಟನೆಯ ಮಾಧ್ಯಮ ಅಧಿಕಾರಿ ಸ್ಯಾಮ್ಯುಯೆಲ್ ನಮ್ಮ ಜೊತೆಗಿದ್ದ. ಗರಿಗರಿ ಶರ್ಟು, ದಣಿದ ಕಣ್ಣು. ಊಟದ ಹೊತ್ತಿಗೆ ಅವನೇ ನನ್ನ ಮುಖ ನೋಡಿ ಹೇಳಿದ: "ಮೇಡಂ, ನಮ್ಮ ಹತ್ತಿರ ಸೈನ್ಯ ಇಲ್ಲ. ಸದಸ್ಯ ದೇಶಗಳು ಒಪ್ಪದೆ ಒಂದು ಕುರ್ಚಿ ಸರಿಸುವ ಅಧಿಕಾರವೂ ಇಲ್ಲ. ಇಬ್ಬರನ್ನೂ ಒಂದೇ ಕೋಣೆಗೆ ಕರೆಯಬಲ್ಲೆವು. ಅಷ್ಟೇ ನಮ್ಮ ಶಕ್ತಿ." ಸುಳ್ಳು ಹೇಳುವವನಲ್ಲ ಎಂದು ಆಗ ಅನಿಸಿತ್ತು. ಈಗಲೂ ಅನಿಸುತ್ತದೆ, ಅದೇ ಕಷ್ಟ.

ಗಡಿ ಊರು

ಸಣ್ಣ ವಿಮಾನ, ಆಮೇಲೆ ಅರ್ಧ ದಿನ ಜೀಪು. ಒಣಗಿದ ಹೊಳೆಯ ಪಾತ್ರ, ಮುಳ್ಳಿನ ಪೊದೆ, ಒಂಟೆಗಳು. ಅಲ್ಲಿ ನಮ್ಮನ್ನು ಎದುರುಗೊಂಡವನು ಎಕಾಯ್, ಸಂಘಟನೆಯ ಕ್ಷೇತ್ರ ವೀಕ್ಷಕ. ಆ ನೆಲದವನೇ. ಹಳೆಯ ಮೋಟರ್‌ಬೈಕಿನಲ್ಲಿ ಹಳ್ಳಿ ಹಳ್ಳಿ ಸುತ್ತಿ ಪ್ರತಿ ವಾರ ಒಂದು ಫಾರಂ ತುಂಬಿ ರಾಜಧಾನಿಗೆ ಕಳಿಸುತ್ತಾನೆ. ಈ ವಾರ ಎಲ್ಲಿ ಗುಂಡಿನ ಸದ್ದು ಕೇಳಿಸಿತು? ನೀರಿನ ಹೊಂಡಕ್ಕೆ ಎರಡೂ ಕಡೆಯವರು ಬಂದರೇ? ಹೆಂಗಸರು ಗಡಿಯಾಚೆಯ ಸಂತೆಗೆ ಹೋದರೇ, ನಿಲ್ಲಿಸಿದರೇ?

ಹೆಂಗಸರು ಸಂತೆಗೆ ಹೋಗುವುದನ್ನು ನಿಲ್ಲಿಸಿದರೆ ದಾಳಿ ಹತ್ತಿರ ಬಂತು ಎಂದರ್ಥವಂತೆ. ಅಲ್ಲಿನ ಎಲ್ಲರಿಗೂ ಇದು ಗೊತ್ತು. ಗೊತ್ತಿದ್ದದ್ದನ್ನು ಬರೆದು ಕಳಿಸಲು ಸಂಘಟನೆ ಒಬ್ಬನನ್ನು ಇಟ್ಟಿತು, ಅಷ್ಟೇ. ಆ ಅಷ್ಟೇ ಎಂಬುದು ಸಣ್ಣದಲ್ಲ. ಮುಂಬಯಿಯಲ್ಲಿ ಗಲಾಟೆಗೆ ಮೊದಲು ಹೋಟೆಲುಗಳ ಶಟರ್ ಅರ್ಧ ಇಳಿಯುತ್ತದೆ. ಅಪ್ಪ ಗಲ್ಲಾದಲ್ಲಿ ಕೂತು ಬೀದಿಯ ಸದ್ದು ಕೇಳಿಯೇ, ಇವತ್ತು ಹಾಲು ಕಡಿಮೆ ತನ್ನಿ ಎನ್ನುತ್ತಿದ್ದರು. ಅದನ್ನು ಬರೆದುಕೊಳ್ಳುವವರು, ಮೇಲಕ್ಕೆ ಕಳಿಸುವವರು ನಮ್ಮಲ್ಲಿ ಯಾರಿದ್ದರು? ಎಕಾಯ್ ಎರಡು ಸಲ ಗಡಿಯಾಚೆಯ ತನ್ನಂಥದೇ ವೀಕ್ಷಕನಿಗೆ ಫೋನ್ ಮಾಡಿ, ನಮ್ಮ ಯುವಕರು ಹೊರಟಿದ್ದಾರೆ, ನಿಮ್ಮ ಹಿರಿಯರನ್ನು ದಾರಿಗೆ ಕಳಿಸು ಎಂದು ಹೇಳಿ, ಸೇಡಿನ ದಾಳಿ ನಿಲ್ಲಿಸಿದ್ದಾನೆ. ಹೋಟೆಲಿನ ಸಭಾಂಗಣದಲ್ಲಿ ಅವನ ಹೆಸರೂ ಬಂದಿರಲಿಲ್ಲ.

ಮೂರನೆಯ ಸಲ ಅವನ ಫೋನಿಗೆ ಸಿಗ್ನಲ್ ಸಿಗಲಿಲ್ಲ. ಗಡಿಯಾಚೆಯವರು ಬಂದರು, ದನ ಹೊಡೆದುಕೊಂಡು ಹೋದರು, ಮೇಕೆ ಕಾಯುತ್ತಿದ್ದ ಹುಡುಗಿಯನ್ನೂ ಒಯ್ದರು. ಹನ್ನೊಂದೋ ಹನ್ನೆರಡೋ ವರ್ಷ. ನಕಿರು ಆ ಹುಡುಗಿಯ ಅಜ್ಜಿ.

ನಾವು ಚಿತ್ರೀಕರಿಸಲು ಹೋದದ್ದು ಆ ದಾಳಿಯ ರಾಜಿ ಸಭೆಯನ್ನು. ಒಪ್ಪಂದದ ಕಾಗದ ಮೊದಲೇ ಸಿದ್ಧವಿತ್ತು. ಹಿಂತಿರುಗಿಸಬೇಕಾದ ದನಗಳ ಪಟ್ಟಿ ಅದಕ್ಕೆ ಅಂಟಿಸಿತ್ತು: ಬಣ್ಣ, ಬರೆಯ ಗುರುತು, ಕೊಂಬಿನ ಆಕಾರ ಸಮೇತ. ಹುಡುಗಿ ಅದರಲ್ಲಿ ಇರಲಿಲ್ಲ.

ಸಭೆಯ ಬೆಳಿಗ್ಗೆ ನಾನು ನಕಿರುವಿಗೆ ಮೈಕು ಸಿಕ್ಕಿಸಿದೆ. ಹೆಂಗಸರಿಗೆ ಕಾಲರ್ ಮೈಕು ಹಾಕುವುದು ತಂಡದ ಹೆಂಗಸಿನ ಕೆಲಸ. ಆ ಎರಡು ನಿಮಿಷ ಮುಖ ಮುಖದ ಹತ್ತಿರ ಇರುತ್ತದೆ. ಅವಳ ಕೊರಳಿನಿಂದ ಗಲ್ಲದವರೆಗೆ ಮಣಿಸರಗಳು, ಸಾಲು ಸಾಲು. ಎಲ್ಲಿ ಸಿಕ್ಕಿಸಿದರೂ ಮಣಿ ಸದ್ದು ಮಾಡುತ್ತಿತ್ತು, ನನಗೆ ರೇಗುತ್ತಿತ್ತು. ಮೈಕು ಪರೀಕ್ಷಿಸಲು ನಿಮ್ಮ ಹೆಸರು ಹೇಳಿ ಎಂದು ಎಕಾಯ್ ಮೂಲಕ ಕೇಳಿದೆ. ಅವಳು ತನ್ನ ಹೆಸರು ಹೇಳಲಿಲ್ಲ, ಮೊಮ್ಮಗಳ ಹೆಸರು ಹೇಳಿದಳು. ಆಮೇಲೆ ನನ್ನ ಕೈಮೇಲೆ ಕೈ ಇಟ್ಟು ಏನೋ ಅಂದಳು.

ಎಕಾಯ್ ಕನ್ನಡಿಸಿದ ಎಂದು ಬರೆಯಲು ಹೊರಟೆ. ನೋಡಿ, ನೆನಪು ಹೇಗೆ ನಾಚಿಕೆಯಿಲ್ಲದೆ ಕೆಲಸ ಮಾಡುತ್ತದೆ. ಅವನು ಹೇಳಿದ್ದು ಇಂಗ್ಲಿಷಿನಲ್ಲಿ. ನನ್ನೊಳಗೆ ಅದು ಕನ್ನಡದಲ್ಲಿಯೇ ಉಳಿದಿದೆ:

"ಹಸುವಿನ ಕೊಂಬು ಹೇಗಿದೆ ಎಂದು ಕಾಗದದಲ್ಲಿ ಬರೆದಿದ್ದಾರೆ. ನನ್ನ ಹುಡುಗಿಯನ್ನು ಬರೆದಿಲ್ಲ. ಇವತ್ತು ಎಲ್ಲರ ಮುಂದೆ ಎದ್ದು ಹೇಳುತ್ತೇನೆ. ಹೇಳಿಲ್ಲ ಎಂದು ಆಮೇಲೆ ಅವರು ಅನ್ನಬಾರದು. ನಿನ್ನ ಯಂತ್ರ ಹಿಡಿದುಕೊಳ್ಳಲಿ."

ಹಿಡಿದುಕೊಳ್ಳುತ್ತದೆ ಎಂದು ನಾನು ಮಾತು ಕೊಟ್ಟೆ.

ಮರದ ಕೆಳಗೆ

ದೊಡ್ಡ ಜಾಲಿ ಮರ. ಒಂದು ಬದಿ ಈ ಕಡೆಯ ಹಿರಿಯರು, ಎದುರಿಗೆ ಆ ಕಡೆಯವರು. ಪ್ರತಿಯೊಬ್ಬರ ಕೈಯಲ್ಲೂ ಒಂದು ಪುಟ್ಟ ಮರದ ಮಣೆ. ಹೋದಲ್ಲೆಲ್ಲ ಒಯ್ದು, ಹಾಕಿಕೊಂಡು ಕೂರುತ್ತಾರೆ. ಎರಡು ಸರ್ಕಾರಗಳ ಅಧಿಕಾರಿಗಳಿಗೆ, ಸಂಘಟನೆಯವರಿಗೆ ಪ್ಲಾಸ್ಟಿಕ್ ಕುರ್ಚಿ. ಹೆಂಗಸರು ಮರದ ನೆರಳಿನ ಅಂಚಿನಲ್ಲಿ, ಅರ್ಧ ಬಿಸಿಲಿನಲ್ಲಿ.

ಶುರುವಿಗೆ ಮೊದಲು ನಾನು ಎಕಾಯ್‌ನಿಂದ ಎಲ್ಲರಿಗೂ ಹೇಳಿಸಿದ್ದೆ: ಈ ಹೆಂಗಸು ಕೈ ಎತ್ತಿದರೆ ಯಾರೂ ಅಲುಗಾಡಬಾರದು, ಉಸಿರು ಮಾತ್ರ ಆಡಬಹುದು. ಒಂದು ಸಲ ಅಭ್ಯಾಸವೂ ಆಯಿತು. ಹಿರಿಯರಿಗೆ ಆ ಆಟ ಹಿಡಿಸಿತು. ಒಬ್ಬರು, ಎರಡೂ ಕಡೆಯವರನ್ನು ಒಟ್ಟಿಗೆ ಸುಮ್ಮನಿರಿಸಿದವಳು ಇವಳೇ ಮೊದಲು, ಇವಳನ್ನೇ ಇಟ್ಟುಕೊಳ್ಳೋಣ ಎಂದರಂತೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಭಾಷಣಗಳು ಆದವು. ಹಿರಿಯರು ಒಬ್ಬೊಬ್ಬರೇ ಎದ್ದು, ಕೋಲು ಬೀಸಿ, ಓಡಾಡಿ ಮಾತಾಡಿದರು. ಸ್ಯಾಮ್ಯುಯೆಲ್ ಗಡಿಯಾರ ನೋಡುತ್ತಿದ್ದ. ಕತ್ತಲಾಗುವ ಮೊದಲು ತಲುಪಲು ಜೀಪು ಬೇಗ ಹೊರಡಬೇಕಿತ್ತು. ಕೊನೆಗೆ ಎಲ್ಲರಿಗಿಂತ ಹಿರಿಯ ಮುದುಕ ಕೂತಲ್ಲಿಂದಲೇ ಒಂದು ಸಣ್ಣ ಮಾತು ಕೇಳಿದ. ಸಭೆ ಸುಮ್ಮನಾಯಿತು.

ಅಂಥ ಮೌನ ನನ್ನ ಜೀವಮಾನದಲ್ಲಿ ಮೈಕಿಗೆ ಸಿಕ್ಕಿರಲಿಲ್ಲ. ಎಲೆ, ನೊಣ, ಎಲ್ಲೋ ಒಂದು ಮೇಕೆಯ ಗಂಟೆ. ಮುಗಿಯಿತು ಎಂದುಕೊಂಡೆ. ಸಯನ್‌ನ ನಮ್ಮ ಬಿಲ್ಡಿಂಗಿನ ಸೊಸೈಟಿ ಮೀಟಿಂಗಿನಲ್ಲಿ ಕೊನೆಗೆ, ಇನ್ನೇನಾದರೂ ಇದೆಯೇ ಎಂದು ಚೇರ್‌ಮನ್ ಕೇಳುವಾಗ ಎಲ್ಲರೂ ಎದ್ದು ಸಮೋಸಾದ ಕಡೆ ನಡೆದಿರುತ್ತಾರೆ. ಇಲ್ಲಿಯೂ ಈಗ ಏಳುತ್ತಾರೆ, ಈ ಮೌನ ಹಾಳಾಗುತ್ತದೆ. ಹೆಡ್‌ಫೋನಿನಲ್ಲಿ ಏನೋ ಸರಸರ ಸದ್ದು. ನಾನು ಕೈ ಎತ್ತಿದೆ. "ಸೈಲೆನ್ಸ್, ಒಂದು ನಿಮಿಷ, ಯಾರೂ ಅಲುಗಾಡಬೇಡಿ."

ಎಕಾಯ್ ಅಭ್ಯಾಸಬಲದಿಂದ ಅದನ್ನು ಕೂಗಿ ಹೇಳಿದ. ಕೂಗಿದ ಮೇಲೆ ಅವನ ಮುಖ ಬದಲಾದದ್ದು ಕಂಡಿತು. ಯಾಕೆಂದು ನನಗೆ ಗೊತ್ತಾಗಲಿಲ್ಲ. ಎಲ್ಲರೂ ಕಲ್ಲಿನ ಹಾಗೆ ಕೂತರು. ನಕಿರು ಮಂಡಿಯ ಮೇಲೆ ಕೈ ಇಟ್ಟ ಹಾಗೇ. ನಾನು ಅರವತ್ತು ಸೆಕೆಂಡು ಎಣಿಸಿದೆ. ಕೈ ಇಳಿಸಿದೆ. ಸ್ಯಾಮ್ಯುಯೆಲ್ ಚಪ್ಪಾಳೆ ತಟ್ಟಿದ, ಕುರ್ಚಿಯವರು ಎದ್ದರು, ಹಿರಿಯ ಮುದುಕ ತನ್ನ ಮಣೆಯನ್ನು ನೆಲದಿಂದ ಎತ್ತಿಕೊಂಡ.

ಅದೇ ಮರ, ಅರ್ಧ ಗಂಟೆ ಕಳೆದು

ಅಲ್ಲಿನ ಸಭೆಗಳಲ್ಲಿ ಗಂಡಸರ ಮಾತು ಮುಗಿದ ಮೇಲೆ ಹಿರಿಯ, ಹೇಳದೆ ಉಳಿದದ್ದು ಯಾರ ಹತ್ತಿರವಾದರೂ ಇದೆಯೇ ಎಂದು ಕೇಳುತ್ತಾನೆ. ಕೇಳಿ ಸುಮ್ಮನಿರುತ್ತಾನೆ. ಆ ಮೌನ ಹೆಂಗಸರದ್ದು. ಆಗ ಎದ್ದು ನಿಂತ ಹೆಂಗಸನ್ನು ಅವಳು ಕೂರುವವರೆಗೆ ಯಾರೂ ತಡೆಯುವಂತಿಲ್ಲ, ಅಧಿಕಾರಿಯೂ ಸಹ. ಅವಳು ಹೇಳಿದ್ದನ್ನು ಬಿಟ್ಟು ಒಪ್ಪಂದ ಮಾಡುವಂತಿಲ್ಲ. ಹಿರಿಯ ಮಣೆ ಎತ್ತಿದರೆ ಆ ಬಾಗಿಲು ಮುಚ್ಚಿತು.

ಎಕಾಯ್ ಇದನ್ನು ನನಗೆ ಹೇಳಿದಾಗ ಹೆಬ್ಬೆಟ್ಟುಗಳು ಕಾಗದದ ಮೇಲೆ ಬೀಳುತ್ತಿದ್ದವು.

ಸ್ಯಾಮ್ಯುಯೆಲ್‌ನ ಹತ್ತಿರ ಓಡಿದೆ. ತಪ್ಪು ನನ್ನದು, ಆ ಅಜ್ಜಿಗೆ ಎರಡು ನಿಮಿಷ ಕೊಡಿ ಎಂದೆ. ಅವನು ನನ್ನನ್ನು ಜೀಪಿನ ಆಚೆ ಬದಿಗೆ ಕರೆದೊಯ್ದ. ಮನುಷ್ಯರ ವಿಷಯ ಎರಡು ಸರ್ಕಾರಗಳದ್ದು, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದ. ಹುಡುಗಿಯ ಹೆಸರು ನನ್ನ ರೆಕಾರ್ಡಿಂಗಿನಲ್ಲಿ ಇದೆ ಎಂದೆ. ಅದು ಮೈಕು ಪರೀಕ್ಷೆ, ಸಭೆಯ ನಡಾವಳಿ ಅಲ್ಲ ಎಂದ. ನಾನು ದನಿ ಏರಿಸಿದೆ. ಹಸುವಿನ ಕೊಂಬಿಗಿರುವ ಮರ್ಯಾದೆ ಹುಡುಗಿಗಿಲ್ಲವೇ, ಇದಕ್ಕಾಗಿ ಸಂಘಟನೆ ಕಟ್ಟಿದ್ದೀರಾ ಎಂದೆಲ್ಲ ಕೂಗಾಡಿದೆ. ರಫೀಕ್ ಬಂದು ನನ್ನ ಭುಜ ಹಿಡಿದ.

ಸ್ಯಾಮ್ಯುಯೆಲ್ ದನಿ ಏರಿಸಲಿಲ್ಲ. "ಹುಡುಗಿಯನ್ನು ಕಾಗದಕ್ಕೆ ಹಾಕಿದರೆ ಅದು ಅಪಹರಣ ಆಗುತ್ತದೆ. ಒಂದು ರಾಜಧಾನಿ ಇನ್ನೊಂದರ ಮೇಲೆ ಆರೋಪ ಹೊರಿಸಿದ ಹಾಗೆ. ಅವರು ಒಪ್ಪುವುದಿಲ್ಲ. ಆಗ ದನವೂ ಬರುವುದಿಲ್ಲ. ದನ ಬರದಿದ್ದರೆ ಈ ಹುಡುಗರು ಮುಂದಿನ ವಾರ ಬಂದೂಕು ಹಿಡಿದು ಹೋಗುತ್ತಾರೆ. ಮೊದಲು ದನ ಬರಲಿ, ದಾರಿ ತೆರೆಯಲಿ. ಅದೇ ದಾರಿಯಲ್ಲಿ ಹುಡುಗಿಯರೂ ಬರುತ್ತಾರೆ, ಕಾಗದ ಇಲ್ಲದೆ." ಆಮೇಲೆ ಅಂದ: "ನಿಮ್ಮ ಮುಂಬಯಿಯಲ್ಲಿ ಕಾಣೆಯಾದ ಹುಡುಗಿಯರೆಲ್ಲ ಕಾಗದದಲ್ಲಿ ಇರುತ್ತಾರಲ್ಲವೇ ಮೇಡಂ? ಎಷ್ಟು ಜನ ವಾಪಸು ಬಂದರು?"

ನನಗೆ ಇನ್ನಷ್ಟು ಸಿಟ್ಟು ಬಂತು. ಕೊನೆಗೆ ಎಕಾಯ್ ತನ್ನ ಫಾರಂ ತೆಗೆದು, ಯಾವ ಕಾಲಮ್ಮಿಗೂ ಸೇರದ ಆ ಹೆಸರನ್ನು ಅಂಚಿನಲ್ಲಿ ಬರೆದ. ಸ್ಯಾಮ್ಯುಯೆಲ್ ನೋಡಿಯೂ ನೋಡದ ಹಾಗೆ ಮುಖ ತಿರುಗಿಸಿದ.

ನಕಿರು ತಾನೇ ಮೈಕು ಬಿಚ್ಚಿ ತಂದು ನನ್ನ ಅಂಗೈಯಲ್ಲಿಟ್ಟಳು. ಅವಳ ಮುಖದಲ್ಲಿ ಕೋಪ ಇತ್ತು ಎಂದು ಬರೆಯಲು ಕೈ ಹವಣಿಸುತ್ತದೆ, ಆದರೆ ಇರಲಿಲ್ಲ. ಒಂದು ಮಾತು ಕೇಳಿದಳು. ಎಕಾಯ್ ಹೇಳಲು ಹಿಂದೆ ಮುಂದೆ ನೋಡಿದ.

"ನಿನಗೆ ಬೇಕಾದದ್ದು ಸಿಕ್ಕಿತೇ ಎಂದು ಕೇಳುತ್ತಿದ್ದಾಳೆ, ಸಿಸ್ಟರ್."

ನಾನು ತಲೆಯಾಡಿಸಿದೆ. ಹೌದು ಎಂದು.

ಮತ್ತೆ ಅಂಧೇರಿ

ಎಡಿಟ್ ರೂಮಿನಲ್ಲಿ ಎಲ್ಲರೂ ಆ ಒಂದು ನಿಮಿಷವನ್ನು ಹೊಗಳಿದರು. ಇಷ್ಟು ಚೆಂದದ ಮೌನ ಎಲ್ಲಿ ಸಿಕ್ಕಿತು ಎಂದರು. ಚಿತ್ರದ ಕೊನೆಯಲ್ಲಿ ಎರಡೂ ಕಡೆಯ ಹಿರಿಯರು ಕೈಕುಲುಕುತ್ತಾರೆ, ಕ್ಯಾಮೆರಾ ಮೇಲೇರುತ್ತದೆ, ಅದರ ಅಡಿಯಲ್ಲಿ ಆ ಮೌನ. ಮೇಲೆ ಶಾಂತಿ ಎಂಬ ಅಕ್ಷರ. ನಾನು ಎದ್ದು ಹೊರಗೆ ಹೋದೆ.

ಒಂದು ಮಧ್ಯಾಹ್ನ ಒಬ್ಬಳೇ ಕೂತು ನಕಿರುವಿನ ಮೈಕಿನ ಟ್ರ್ಯಾಕನ್ನು ಬೇರೆಯಾಗಿ ಹಾಕಿ ಕೇಳಿದೆ. ಅವಳು ಏಳಲು ಹೊರಟಿದ್ದು ನಾನು ಕೈ ಎತ್ತಿದ ಮೇಲೆ ಎಂದು ಅಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಹಾಗಾದರೆ ನನ್ನದು ಕಾಣದೆ ಮಾಡಿದ ತಪ್ಪು. ಟ್ರ್ಯಾಕು ಹೇಳಿದ ಕ್ರಮ ಬೇರೆ. ಹಿರಿಯನ ಪ್ರಶ್ನೆ. ಮೌನ. ಮಣಿಸರಗಳ ಸರಸರ. ಒಂದು ದೀರ್ಘ ಉಸಿರು, ಮಾತಾಡುವ ಮೊದಲು ಎಳೆದುಕೊಳ್ಳುವಂಥದು. ಆಮೇಲೆ ನನ್ನ ದನಿ: ಸೈಲೆನ್ಸ್.

ಅಂದರೆ ಅವಳು ಏಳುತ್ತಿದ್ದ ಸದ್ದು ಮೊದಲು ನನ್ನ ಕಿವಿಗೆ ಬಿತ್ತು. ಆ ಸಭೆಯಲ್ಲಿ ಅದು ಕೇಳಿಸಿದ್ದು ನನಗೊಬ್ಬಳಿಗೇ. ಬೆಳಿಗ್ಗೆಯಿಂದ ನನ್ನನ್ನು ಕಾಡಿದ್ದ ಮಣಿಯ ಸದ್ದು ಅದು. ಅದು ನಿಲ್ಲಲಿ ಎಂದೇ ನಾನು ಕೈ ಎತ್ತಿದ್ದೆ.

ಮೈಕು ಪರೀಕ್ಷೆಯ ತುಣುಕನ್ನು, ಅವಳು ಮೊಮ್ಮಗಳ ಹೆಸರು ಹೇಳಿದ್ದನ್ನು, ಚಿತ್ರದಲ್ಲಿ ಸೇರಿಸಿ ಎಂದು ಪ್ರೊಡ್ಯೂಸರ್ ಜೊತೆ ಮೂರು ದಿನ ಜಗಳವಾಡಿದೆ. ಸೇರಿಸಿದರು. ಸಂಘಟನೆಯ ಮುಖ್ಯ ಕಚೇರಿಯಿಂದ, ಇದು ವೈಯಕ್ತಿಕ ವಿಷಯ, ತೆಗೆಯಿರಿ ಎಂದು ಬಂತು. ತೆಗೆದರು. ಹಾಗಾದರೆ ನನ್ನ ಹೆಸರನ್ನೂ ತೆಗೆಯಿರಿ ಎಂದೆ. ಯಾರೂ ಬೇಡ ಅನ್ನಲಿಲ್ಲ. ಅರ್ಧ ಗಂಟೆಯಲ್ಲಿ ತೆಗೆದುಬಿಟ್ಟರು.

ಬೈಕುಲ್ಲಾ

ಇದನ್ನೆಲ್ಲ ಹೇಳಿಕೊಳ್ಳಲು ರಫೀಕನ ಮನೆಗೆ ಹೋದೆ. ಕೆಳಗೆ ವೆಲ್ಡಿಂಗ್ ಅಂಗಡಿಯ ಚಿರಚಿರ, ಮೇಲೆ ಅವನ ಹೆಂಡತಿ ಮಾಡಿದ ಚಹಾ. ಅವನಿಗೆ ನನ್ನ ತಪ್ಪೊಪ್ಪಿಗೆ ಇಷ್ಟವಾಗಲಿಲ್ಲ.

"ಎಕಾಯ್ ಮುಂಜಾನಿನೇ ಹೇಳಿದ್ನಲ್ರಿ ಅಕ್ಕಾರ. ಮುದುಕಪ್ಪ ಕೇಳಿದ ಮ್ಯಾಲ ಹೆಣ್ಮಕ್ಕಳು ಏಳ್ತಾರ, ಸುಮ್ನಿರ್ರಿ ಅಂತ. ನೀವು ಬ್ಯಾಟರಿ ಹಾಕ್ಕೋತ ಹೂಂ ಅಂದ್ರಿ."

ನಾನು ಅಂದಿಲ್ಲ ಎಂದೆ. ಅಂದ್ರಿ ಅಂದ. ಅಂದಿಲ್ಲ. ಅದರ ರೆಕಾರ್ಡಿಂಗ್ ಇಲ್ಲ. ಯಂತ್ರ ಆಗಿನ್ನೂ ಚಾಲೂ ಆಗಿರಲಿಲ್ಲ. ಹಾಗಾದರೆ ಕೈ ಎತ್ತಿದಾಗ ನೀನು ಯಾಕೆ ತಡೆಯಲಿಲ್ಲ ಎಂದು ರೇಗಿದೆ. ಫ್ರೇಮ್ ಭಾಳ ಚಂದ ಇತ್ತು ಅಕ್ಕಾರ, ಎಲ್ಲಾರೂ ಹಂಗೇ ಕುಂತಿದ್ರು ಎಂದು ಅವನು ತಗ್ಗಿದ ದನಿಯಲ್ಲಿ ಹೇಳಿದ.

ಅವನ ಅಪ್ಪ ಕಿಟಕಿಯ ಹತ್ತಿರ ಕೂತು ಕೇಳುತ್ತಿದ್ದರು. ಹಬ್ಬಗಳಿಗೆ ಮೊದಲು ಪೊಲೀಸ್ ಠಾಣೆಯಲ್ಲಿ ಸೇರುವ ಮೊಹಲ್ಲಾದ ಶಾಂತಿ ಸಮಿತಿಯಲ್ಲಿ ಅವರು ಬಹಳ ವರ್ಷ ಇದ್ದವರು. ಪ್ರತಿ ಸಲವೂ ಕೊನೆಗೆ ಸಾಹೇಬರು, ಯಾರಿಗಾದರೂ ಹೇಳುವುದಿದೆಯೇ ಎಂದು ಕೇಳುತ್ತಿದ್ದರಂತೆ. ಪಕ್ಕದ ಚಾಳಿನ ಒಬ್ಬ ಹೆಂಗಸು ಏಳುತ್ತಿದ್ದಳಂತೆ. ಗಲಭೆಯ ಕಾಲದಲ್ಲಿ ಹೊರಗೆ ಹೋಗಿ ವಾಪಸು ಬಾರದ ಮಗ, ಅವನ ಹೆಸರು, ಅವನ ಅಂಗಿಯ ಬಣ್ಣ.

"ಪ್ರತಿ ವರ್ಷಾನೂ ಹೇಳ್ತಿದ್ಳು ಬೇಟಿ. ಪ್ರತಿ ವರ್ಷಾನೂ ನಾವು ಬರ್ಕೊಂಡ್ವಿ. ಚಾ ಕೊಟ್ವಿ. ಏನಾತು?"

ನನಗೆ ಸಮಾಧಾನವಾಗಲಿ ಎಂದು ಹೇಳಿದ್ದು. ನನಗೆ ಅವರ ಮೇಲೂ ಸಿಟ್ಟು ಬಂತು. ಬರೆದುಕೊಂಡು ಏನೂ ಮಾಡದವರು, ಬರೆಯದೆ ಏನೋ ಮಾಡುತ್ತೇವೆ ಎನ್ನುವವರು, ಮಾತು ಬಾಯಿಗೆ ಬರುವ ಮೊದಲೇ ಕೈ ಎತ್ತಿದ ನಾನು: ಇದರಲ್ಲಿ ಯಾರು ಮೇಲು ಎಂದು ಕೇಳಿದೆ. ಅವರು ಚಹಾ ಆರುತ್ತದೆ, ಕುಡಿ ಎಂದರು. ಕುಡಿದೆ.

ಸಯನ್

ಎಕಾಯ್ ಕೆಲವು ತಿಂಗಳು ಮೆಸೇಜು ಕಳಿಸುತ್ತಿದ್ದ. ದನಗಳಲ್ಲಿ ಹೆಚ್ಚಿನವು ವಾಪಸು ಬಂದವು. ಯುವಕರು ಬಂದೂಕು ಹಿಡಿದು ಹೋಗಲಿಲ್ಲ. ಹೆಂಗಸರು ಮತ್ತೆ ಆಚೆಯ ಸಂತೆಗೆ ಹೋಗತೊಡಗಿದರು, ನಕಿರುವೂ ಹೋಗುತ್ತಾಳೆ, ಪ್ರತಿ ಸಂತೆಗೂ, ಮಾರಲು ಏನೂ ಇಲ್ಲದೆ. ಸ್ಯಾಮ್ಯುಯೆಲ್ ಹೇಳಿದ ದಾರಿ ತೆರೆಯಿತು ಎಂದಾಯಿತು. ಹುಡುಗಿಯ ವಿಷಯ ಕೇಳಿದಾಗಲೆಲ್ಲ ಎಕಾಯ್ ಇನ್ನೂ ಇಲ್ಲ ಎಂದು ಬರೆಯುತ್ತಿದ್ದ. ಒಮ್ಮೆ ಮಾತ್ರ ಉದ್ದವಾಗಿ ಬರೆದ: ಆ ಕಡೆಯವರು ಒಯ್ದ ಹುಡುಗಿಯರಿಗೆ ಅವರ ಮನೆಯಲ್ಲಿ ಬೇರೆ ಹೆಸರು ಇಡುತ್ತಾರೆ, ಚಿಕ್ಕವರು ಬೇಗ ಆ ಹೆಸರಿಗೆ ಒಗ್ಗಿಕೊಳ್ಳುತ್ತಾರೆ, ಸಂತೆಯಲ್ಲಿ ಅಜ್ಜಿ ಕೂಗಿದರೂ ತಿರುಗದೆ ಹೋಗಬಹುದು ಎಂದು. ಆಮೇಲೆ ಯೋಜನೆಯ ಅವಧಿ ಮುಗಿದು ಕ್ಷೇತ್ರ ವೀಕ್ಷಕರ ಕೆಲಸ ಹೋಯಿತು ಎಂಬ ಒಂದು ಸಾಲು. ಈಗ ಅವನ ನಂಬರಿಗೆ ಏನೂ ತಲುಪುವುದಿಲ್ಲ. ಸಂಘಟನೆಗೆ ಎರಡು ಸಲ ಬರೆದೆ. ನಿಮ್ಮ ಆಸಕ್ತಿಗೆ ಧನ್ಯವಾದ ಎಂದು ಉತ್ತರ ಬಂತು.

ನಕಿರು ಅಂದು ಎದ್ದು ಹೇಳಿದ್ದರೆ ಒಪ್ಪಂದ ಮುರಿದು ಇನ್ನೊಂದು ದಾಳಿ ಆಗುತ್ತಿತ್ತೋ, ಹುಡುಗಿ ಬರುತ್ತಿದ್ದಳೋ, ಏನೂ ಆಗುತ್ತಿರಲಿಲ್ಲವೋ, ಗೊತ್ತಿಲ್ಲ. ಎಕಾಯ್ ನನಗೆ ಮೊದಲೇ ಹೇಳಿದ್ದನೋ, ಗೊತ್ತಿಲ್ಲ. ಅಜ್ಜಿ ಹೇಳಿದ ಹೆಸರು ನನ್ನ ಹತ್ತಿರ ಇದೆ, ಸ್ಪಷ್ಟವಾಗಿ, ಗಾಳಿಯ ಸದ್ದೂ ಸೇರದೆ. ಆ ಹುಡುಗಿ ಈಗ ಯಾವ ಹೆಸರಿಗೆ ತಿರುಗಿ ನೋಡುತ್ತಾಳೋ ನನಗೆ ಗೊತ್ತಿಲ್ಲ.